ಕಂಕುಳಲ್ಲಿ ಕೂಸಿದ್ದರೂ

ಮಗು ದೊಡ್ಡದಾಗಲಿ, ಆಮೇಲೆ ಪ್ರದರ್ಶನ ಕಲೆಗೆ ಮರಳೋಣ ಎಂದು ಕಾಯಬೇಡಿ. ನ್ಯೂಯಾರ್ಕಿನ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ಕಾಯಲಿಲ್ಲ. ತಾಯಿಯಾದ ಮೇಲೆ, 1969ರಲ್ಲಿ, ಪ್ರಣಾಳಿಕೆಯೊಂದನ್ನು ಬರೆದು ಮನೆಗೆಲಸ, ಆರೈಕೆಯೇ ತನ್ನ ಕಲೆ ಎಂದು ಸಾರಿದರು. ಚಳಿಯಲ್ಲಿ ಹೊರಡುವ ಮಕ್ಕಳಿಗೆ ಬಟ್ಟೆ ತೊಡಿಸುವುದು, ಬಂದಮೇಲೆ ಬಿಚ್ಚುವುದು 1973ರಲ್ಲಿ ಛಾಯಾಚಿತ್ರಗಳ ಸರಣಿಯಾಯಿತು. ಅದೇ ವರ್ಷ ಹಾರ್ಟ್‌ಫರ್ಡ್‌ನ ವಸ್ತುಸಂಗ್ರಹಾಲಯದ ಮೆಟ್ಟಿಲು ತೊಳೆದದ್ದೇ ಪ್ರದರ್ಶನ. (ದಿನಾ ಬಾಗಿಲಿಗೆ ನೀರು ಹಾಕುವ ನಮ್ಮವರಿಗೆ ಇದರಲ್ಲೇನು ವಿಶೇಷ ಅನ್ನಿಸೀತು, ವಿಶೇಷ ಇರುವುದೇ ಅಲ್ಲಿ.)

ಹಾಗೆಂದು ಆರೈಕೆಯನ್ನು ಕಲೆಯಾಗಿಸುವಾಗ, ನೀವು ನೋಡಿಕೊಳ್ಳುವ ಮಕ್ಕಳನ್ನೋ, ಹಾಸಿಗೆ ಹಿಡಿದ ಹಿರಿಯರನ್ನೋ ಅವರ ಇಷ್ಟ ಕೇಳದೆ ಜನರೆದುರು ತರಬೇಡಿ. ಇನ್ನು, ಆಯೋಜಕರು ಕರೆದಾಗ ಸಂಕೋಚ ಬಿಡಿ: ಮಗು ನೋಡಿಕೊಳ್ಳುವವರ ಖರ್ಚನ್ನೂ ಸಂಭಾವನೆಯ ಮಾತಿನಲ್ಲೇ ಸೇರಿಸಿ ಕೇಳಿ.