ಕಸದ ಗಾಡಿ ಬಾರದಿದ್ದರೆ ಯಾರ ಬಾಗಿಲು ತಟ್ಟಬೇಕು?

ಬೆಳಗಾವಿಯಲ್ಲಿ ಸ್ವಲ್ಪ ದೂರ ಹೋದರೆ ಸಾಕು, ಆಡಳಿತವೇ ಬೇರೆಯಾಗುತ್ತದೆ. ಶಿವಬಸವ ನಗರ ಮಹಾನಗರ ಪಾಲಿಕೆಗೆ ಸೇರಿದ್ದು. ಕ್ಯಾಂಪ್ ಪ್ರದೇಶ ರಕ್ಷಣಾ ಸಚಿವಾಲಯದ ಅಧೀನದ ದಂಡು ಮಂಡಳಿಯದು. ಹಿಂಡಲಗಾದಲ್ಲಿ ಗ್ರಾಮ ಪಂಚಾಯಿತಿ, ಖಾನಾಪುರದಲ್ಲಿ ಪಟ್ಟಣ ಪಂಚಾಯಿತಿ. ಗಾಡಿ ಬರುವ ಹೊತ್ತು, ಶುಲ್ಕ, ದಂಡ ಒಂದೊಂದು ಕಡೆ ಒಂದೊಂದು ರೀತಿ ಇರಬಹುದು. ಅವನ್ನು ಆಯಾ ಸಂಸ್ಥೆಯ ಬೈಲಾ ನಿರ್ಧರಿಸುತ್ತದೆ. ಮನೆಯಲ್ಲೇ ಕಸ ಬೇರ್ಪಡಿಸಬೇಕೆಂಬ ಕರ್ತವ್ಯ ಮಾತ್ರ ಎಲ್ಲರಿಗೂ ಒಂದೇ. 'ನಮ್ಮದು ಹಳ್ಳಿ, ಆ ನಿಯಮ ಸಿಟಿಯವರಿಗೆ' ಎಂಬ ಮಾತು ನಿಲ್ಲುವುದಿಲ್ಲ. ಜನಗಣತಿಯಲ್ಲಿ ಪಟ್ಟಣವೆಂದು ಗುರುತಾದ ಗ್ರಾಮ ಪಂಚಾಯಿತಿ ಪ್ರದೇಶಗಳಿಗೂ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯವಾಗಿದ್ದವು.

ಅವುಗಳ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಬಂದಿವೆ. ಮೊದಲಿನ ಮೂರು ವಿಂಗಡಣೆ ಈಗ ನಾಲ್ಕಾಗಿದೆ: ಹಸಿ ಕಸ, ಒಣ ಕಸ, ನೈರ್ಮಲ್ಯ ಕಸ, ವಿಶೇಷ ಕಾಳಜಿಯ ಕಸ. ಹಾಲಿನ ಪಾಕೀಟನ್ನು ತೊಳೆದು ಒಣಗಿಸಿ ಒಣ ಕಸಕ್ಕೆ ಹಾಕಿ; ಕತ್ತರಿಸಿದ ಚೂರು ಪಾಕೀಟಿಗೇ ಅಂಟಿಕೊಂಡಿರುವಂತೆ ನೋಡಿಕೊಂಡರೆ ಅದು ಸಿಂಕಿಗೆ ಬಿದ್ದು ಗಟಾರ ಸೇರುವುದು ತಪ್ಪುತ್ತದೆ. ಪ್ಯಾಡ್, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿಯೇ ಕೊಡಬೇಕು. ಅವಧಿ ಮೀರಿದ ಮಾತ್ರೆ, ಟ್ಯೂಬ್‌ಲೈಟ್, ಬಣ್ಣದ ಡಬ್ಬಿ ನಾಲ್ಕನೆಯ ಗುಂಪಿಗೆ ಸೇರುತ್ತವೆ. ಬರಿಗೈಯಲ್ಲಿ ಕಸ ಆರಿಸುವ ಪೌರಕಾರ್ಮಿಕರ ಮೈಗೆ ಗಾಜು, ಸೂಜಿ ಚುಚ್ಚಬಾರದೆಂಬ ಕಾರಣಕ್ಕಾದರೂ ಇದನ್ನು ಪಾಲಿಸಲೇಬೇಕು. ದಿನಕ್ಕೆ 100 ಕಿಲೋ ಕಸ ಮಾಡುವ ಹಾಸ್ಟೆಲ್, ಕಲ್ಯಾಣ ಮಂಟಪಗಳ ಹೊಣೆ ಇನ್ನೂ ದೊಡ್ಡದು. ಕಸಕ್ಕೆ ಬೆಂಕಿ ಹಚ್ಚುವುದಂತೂ ಎಲ್ಲೂ ಸಲ್ಲದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರ ಆದೇಶದಲ್ಲೇ ಅದಕ್ಕೆ 5,000 ರೂಪಾಯಿ ಪರಿಹಾರ ಮೊತ್ತ ಗೊತ್ತುಪಡಿಸಿದೆ.

ಇಷ್ಟು ಮಾಡಿಯೂ ಗಾಡಿ ಬಾರದಿದ್ದರೆ? ಬಂದರೂ ಬೇರ್ಪಡಿಸಿಟ್ಟ ಕಸವನ್ನು ಒಟ್ಟಿಗೇ ಸುರಿದುಕೊಂಡು ಹೋದರೆ? ಬಾಯಿಮಾತು ಬೇಡ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪಾಲಿಕೆಯಲ್ಲಿ ಆಯುಕ್ತರಿಗೆ, ಖಾನಾಪುರದಲ್ಲಿ ಮುಖ್ಯಾಧಿಕಾರಿಗೆ, ಹಿಂಡಲಗಾದಲ್ಲಿ ಪಿಡಿಒಗೆ. ಗ್ರಾಮಸಭೆಯಲ್ಲೂ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸಬಹುದು. ಈ ಮೂರೂ ಕಡೆಯವರಿಗೆ ರಾಜ್ಯ ಸರ್ಕಾರದ 1902 ಸಹಾಯವಾಣಿ ಇದೆ. ಕ್ಯಾಂಪ್ ನಿವಾಸಿಗಳು ದಂಡು ಮಂಡಳಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಬರೆಯಬೇಕು. ಅದು ಕೇಂದ್ರದ ಸಂಸ್ಥೆ.

ಬೈಲಾದ ಪ್ರತಿ ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು. ರಾಜ್ಯದ ಕಚೇರಿಗಳಿಗೆ ಕೊಡುವ ಅರ್ಜಿ ಒಂದೇ ವಿಷಯದ್ದಾಗಿ 150 ಪದ ಮೀರದಂತಿರಲಿ.

ಇದಕ್ಕೂ ಜಗ್ಗದಿದ್ದರೆ ಹೆಚ್ಚಿನವರು ಕೈಚೆಲ್ಲಿಬಿಡುತ್ತಾರೆ. ಖಾಯಂ ಲೋಕ ಅದಾಲತ್ ಎಂಬ ದಾರಿ ಇರುವುದೇ ಅನೇಕರಿಗೆ ಗೊತ್ತಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 22ಎ ಕಲಮಿನ ಪ್ರಕಾರ ನೈರ್ಮಲ್ಯ ವ್ಯವಸ್ಥೆಯೂ ಸಾರ್ವಜನಿಕ ಉಪಯುಕ್ತ ಸೇವೆ. ಬೆಳಗಾವಿಯಲ್ಲಿ ಈ ಅದಾಲತ್ ಇದೆ. ಕೋರ್ಟ್ ಶುಲ್ಕವಿಲ್ಲ. ಮೊದಲು ರಾಜಿಗೆ ಯತ್ನಿಸುತ್ತಾರೆ. ಆಗದಿದ್ದರೆ ಅದಾಲತ್ತೇ ತೀರ್ಪು ಕೊಡುತ್ತದೆ, ಅದಕ್ಕೆ ಸಿವಿಲ್ ಡಿಕ್ರಿಯ ಬಲವಿದೆ. ಆದರೆ ವಿವಾದ ಕೋರ್ಟಿಗೆ ಹೋಗುವ ಮೊದಲೇ ಇಲ್ಲಿಗೆ ಬರಬೇಕು. ಅರ್ಜಿ ಬರೆಯಲು ನೆರವು ಬೇಕಾದವರು 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ದೂರಿನ ಸ್ವೀಕೃತಿ, ದಿನಾಂಕ ಕಾಣುವ ಫೋಟೊ, ತೆರಿಗೆ ಕಟ್ಟಿದ ರಸೀದಿ ಜತೆಗಿರಲಿ.