ಮನೆ ಶುಚಿಮಾಡುವ ದ್ರವ್ಯಗಳೂ ಅವುಗಳ ಅಪಾಯಗಳೂ

ನಿರ್ಮಲತೆಯು ಆರೋಗ್ಯಕ್ಕೆ ಮೂಲವೆಂಬುದನ್ನು ವಿದ್ಯಾರ್ಥಿನಿಯರಾದ ನೀವು ಗೃಹಶಾಸ್ತ್ರದ ಪಾಠಗಳಲ್ಲಿ ಕಲಿತಿರುವಿರಿ. ಆದರೆ ಮನೆಯನ್ನು ನಿರ್ಮಲಗೊಳಿಸುವ ದ್ರವ್ಯಗಳಲ್ಲಿ ಹಲವು ವಿಷಗಳೇ ಆಗಿವೆ. ಕಕ್ಕಸು ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್, ಫಿನಾಯಿಲ್, ಕಟ್ಟಿದ ಮೋರಿಗೆ ಹಾಕುವ ಕಾಸ್ಟಿಕ್ ಸೋಡಾ, ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆ, ಇವುಗಳಲ್ಲಿ ಒಂದೆರಡಾದರೂ ಇಲ್ಲದ ಮನೆ ಇಂದು ವಿರಳ. ಇವುಗಳನ್ನು ತ್ಯಜಿಸಬೇಕೆಂದು ಹೇಳುವದಿಲ್ಲ, ಅರಿತು ಬಳಸಬೇಕು.

೧. ಬೆರೆಸಕೂಡದು.—ಒಂದರಿಂದ ಹೋಗದ ಕೊಳೆಯು ಎರಡನ್ನು ಕೂಡಿಸಿದರೆ ಹೋದೀತೆಂದು ಅನೇಕರು ಎಣಿಸುತ್ತಾರೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ತಗಲಿದ ಕೂಡಲೆ ಕ್ಲೋರೀನ್ ಎಂಬ ಹಸುರು ಛಾಯೆಯ ಹಳದಿ ವಾಯುವು ಹುಟ್ಟುವದು. ೧೭೭೪ರಲ್ಲಿ ಸ್ವೀಡನ್ ದೇಶದ ಶೀಲೆ ಎಂಬ ರಸಾಯನಶಾಸ್ತ್ರಜ್ಞನು ತಯಾರಿಸಿದ ಈ ವಾಯುವನ್ನು ಜರ್ಮನಿಯ ಸೈನ್ಯವು ೧೯೧೫ನೆಯ ಏಪ್ರಿಲ್ ೨೨ರಂದು ಬೆಲ್ಜಿಯಮಿನ ಈಪ್ರ್ ಪಟ್ಟಣದ ಬಳಿ ಶತ್ರುಗಳ ಮೇಲೆ ಬಿಟ್ಟಿತು. ರಣರಂಗದ ಅದೇ ವಾಯುವು ಕದ ಮುಚ್ಚಿದ ಬಚ್ಚಲಿನಲ್ಲಿಯೂ ಹುಟ್ಟಬಹುದು. ಅದು ಗಾಳಿಗಿಂತ ಸುಮಾರು ಎರಡೂವರೆ ಪಾಲು ಭಾರವುಳ್ಳದ್ದರಿಂದ ನೆಲದ ಬಳಿಯಲ್ಲಿಯೇ ನಿಲ್ಲುವದು. ಬಗ್ಗಿ ತಿಕ್ಕುವವಳೂ ಅಂಬೆಗಾಲಿಡುವ ಮಗುವೂ ಅದನ್ನು ಮೊದಲು ಸೇವಿಸುವರು. ಹುಣಿಸೆ, ನಿಂಬೆರಸ, ವಿನಿಗರ್ ಇವೂ ಆಮ್ಲಗಳಾದುದರಿಂದ ಬ್ಲೀಚಿನೊಡನೆ ಸೇರಬಾರದು. ಅಮೋನಿಯಾ ಇರುವ, ಗಾಜು ಒರೆಸುವ ದ್ರವವು ಬ್ಲೀಚಿನೊಡನೆ ಸೇರಿದರೆ ಮತ್ತೊಂದು ವಿಷವಾಯು ಉಂಟಾಗುವದು. ಒಂದನ್ನು ಬಳಸಿದ ಮೇಲೆ ಧಾರಾಳವಾಗಿ ನೀರು ಹೊಯ್ದು, ಕಿಟಕಿ ಬಾಗಿಲುಗಳನ್ನು ತೆರೆದಿಡತಕ್ಕದ್ದು. ಕಾಸ್ಟಿಕ್ ಸೋಡಾವನ್ನು ಕರಗಿಸುವಾಗ ತಣ್ಣೀರಿಗೆ ಸ್ವಲ್ಪಸ್ವಲ್ಪವಾಗಿ ಸೋಡಾವನ್ನು ಹಾಕಬೇಕು. ಸೋಡಾದ ಮೇಲೆ ನೀರು ಹೊಯ್ದರೆ ಕುದಿದು ಸಿಡಿಯುವದು. ಕೈಗೆ ರಬ್ಬರ್ ಗವಸು ಇರಲಿ.

೨. ಸೀಸೆ ಬದಲಿಸಕೂಡದು.—ಬಿಡಿಯಾಗಿ ತಂದ ಆಸಿಡನ್ನು ಶರಬತ್ತಿನ ಅಥವಾ ಕುಡಿಯುವ ನೀರಿನ ಸೀಸೆಯಲ್ಲಿ ತುಂಬಿಡುವ ರೂಢಿಯಿಂದ ಎಷ್ಟೋ ಮಕ್ಕಳ ಗಂಟಲು ಬೆಂದಿದೆ. ಫಿನಾಯಿಲ್ ನೀರಿಗೆ ಬೀಳುತ್ತಲೇ ಹಾಲಿನಂತೆ ಬೆಳ್ಳಗಾಗುವದು. ಬಾಯಾರಿದ ಮಗುವು ಅದರಲ್ಲಿ ಹಾಲನ್ನೇ ಕಾಣುವದು. ನುಸಿಗುಳಿಗೆಯು ಪೆಪ್ಪರಮಿಂಟಿನಂತೆ ತೋರುವದು. ಅದರಲ್ಲಿರುವ ನ್ಯಾಫ್ತಲೀನ್ ಕೆಲವು ಶಿಶುಗಳ ರಕ್ತಕಣಗಳನ್ನು ಒಡೆಯಬಲ್ಲದು. ಆದಕಾರಣ ಅದರೊಡನೆ ಇಟ್ಟಿದ್ದ ಬಟ್ಟೆಯನ್ನು ಒಗೆದು ಬಿಸಿಲಿಗೆ ಒಣಗಿಸದೆ ಕೂಸಿಗೆ ಹೊದಿಸಬಾರದು. ಎಲ್ಲ ದ್ರವ್ಯಗಳನ್ನೂ ಅವುಗಳ ಸ್ವಂತ ಡಬ್ಬಿಗಳಲ್ಲಿಯೇ, ಆಹಾರದಿಂದ ದೂರವಾಗಿ, ಬೀಗವಿರುವ ಎತ್ತರದ ಗೂಡಿನಲ್ಲಿ ಇಡತಕ್ಕದ್ದು.

೩. ಅಪಾಯವು ಒದಗಿದರೆ.—ಕಣ್ಣಿಗೆ ಸಿಡಿದರೆ ಉಜ್ಜದೆ, ಹರಿಯುವ ಶುದ್ಧ ನೀರಿನಿಂದ ಕನಿಷ್ಠ ೧೫ ನಿಮಿಷ ತೊಳೆಯಬೇಕು. ವಾಯುವು ಹುಟ್ಟಿದರೆ ತತ್‌ಕ್ಷಣವೇ ಹೊರಗೆ ಬರಬೇಕು. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿಮಾಡಿಸುವ ವಾಡಿಕೆಯು ಬಹು ಕೆಟ್ಟದ್ದು. ಇಳಿಯುವಾಗ ಸುಟ್ಟ ಆಸಿಡ್ ಏರುವಾಗಲೂ ಸುಡುವದು, ಫಿನಾಯಿಲ್ ಶ್ವಾಸಕೋಶವನ್ನು ಹೊಕ್ಕೀತು. ಬಾಯಿ ಮುಕ್ಕಳಿಸಲು ಹೇಳಿ, ಆ ಸೀಸೆಯನ್ನೂ ಕೈಯಲ್ಲಿ ಹಿಡಿದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕದಲ್ಲಿ ೧೦೮ಕ್ಕೆ ಕರೆದರೆ ಆಂಬುಲೆನ್ಸ್ ಬರುವದು.

೪. ಕಡಿಮೆಯೇ ಸಾಕು.—ದಿನನಿತ್ಯದ ಕೊಳೆಗೆ ಸಾಬೂನು, ಬಿಸಿನೀರು, ತೆಂಗಿನ ನಾರು ಸಾಕು. ಹಿತ್ತಾಳೆಗೆ ಹುಣಿಸೆ ಸಾಕು. ಮನೆಯಲ್ಲಿ ವಿಷದ ಸೀಸೆಗಳು ಕಡಿಮೆಯಾದಷ್ಟೂ ಕಾವಲೂ ಹಗುರವಾಗುವದು.

ಕಡೆಗೆ ಒಂದು ಮಾತು. ಈ ಸೀಸೆಗಳ ಮೇಲಿನ ಎಚ್ಚರಿಕೆಯು ಅನೇಕವೇಳೆ ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಇರುವದು. ಅವುಗಳನ್ನು ದಿನವೂ ಕೈಯಲ್ಲಿ ಹಿಡಿಯುವವರೋ ಓದು ಬಾರದ ಅಜ್ಜಿಯರೂ ಮನೆಗೆಲಸದ ಹೆಂಗಸರೂ. ಓದಬಲ್ಲ ಮಗಳು ಮನೆಯಲ್ಲಿದ್ದೂ ಅವರು ತಿಳಿಯದೆ ನೋಯುವದು ನ್ಯಾಯವಲ್ಲ. ಈ ವಾರವೇ ಪ್ರತಿಯೊಂದು ಸೀಸೆಗೂ ದಪ್ಪ ಕನ್ನಡ ಅಕ್ಷರಗಳಲ್ಲಿ ಹೆಸರು ಬರೆದು ಅಂಟಿಸಿರಿ. ಓದಲಾರದವರಿಗಾಗಿ ಕೆಂಪು ಗುರುತು ಹಾಕಿರಿ. ಯಾವುದನ್ನು ಯಾವುದರೊಡನೆ ಸೇರಿಸಬಾರದೆಂದು ಅವರ ಪಕ್ಕದಲ್ಲಿ ಕುಳಿತು ಬಾಯಿಮಾತಿನಲ್ಲಿ ತಿಳಿಸಿರಿ. ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವು ಮನೆಗೆ ಸಲ್ಲಬೇಕಾದ ಮೊದಲ ಸೇವೆ ಇದೇ.