ಥೇಮ್ಸ್ ನದಿಗೆ ಕಟ್ಟಿದ ದಂಡೆ

ನಗರಗಳು ನದಿಯ ದಡದಲ್ಲಿ ಹುಟ್ಟಿ ಬೆಳೆಯುವುದು ಲೋಕರೂಢಿ. ಆದರೆ ನಗರವೇ ತನ್ನ ನದಿಗೆ ಹೊಸದೊಂದು ದಡವನ್ನು ಕಟ್ಟಿಕೊಟ್ಟ ಉದಾಹರಣೆಗಳು ವಿರಳ. ಅಂತಹವುಗಳಲ್ಲಿ ಲಂಡನ್ನಿನ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಪ್ರಸಿದ್ಧವಾದುದು. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಬ್ಲ್ಯಾಕ್‌ಫ್ರಯರ್ಸ್ ಸೇತುವೆಯವರೆಗೆ ಥೇಮ್ಸ್ ನದಿಯ ಉತ್ತರ ದಡದಲ್ಲಿ ಸುಮಾರು ಒಂದೂಕಾಲು ಮೈಲಿ ಉದ್ದಕ್ಕೆ ಹಬ್ಬಿರುವ ಈ ದಂಡೆಯ ಮೇಲೆ ಇಂದಿಗೂ ಜನ ಸಂಜೆಯ ಹೊತ್ತು ನಡೆದಾಡುತ್ತಾರೆ. ಒಂದು ಬದಿಗೆ ಕಗ್ಗಲ್ಲಿನ ಮೋಟುಗೋಡೆ, ಅದರ ಮೇಲೆ ಮೀನುಗಳು ಸುತ್ತಿಕೊಂಡಂತೆ ಎರಕ ಹೊಯ್ದ ದೀಪಸ್ತಂಭಗಳು. ಮತ್ತೊಂದು ಬದಿಗೆ ನೆರಳು ಕೊಡುವ ಮರಗಳ ಸಾಲು. ನೋಡುವವರಿಗೆ ಇದು ಅನಾದಿಯಿಂದ ಹೀಗೆಯೇ ಇದ್ದ ದಡವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ 1860ರಲ್ಲಿ ಇದೇ ಸ್ಥಳದಲ್ಲಿ ನಿಲ್ಲಬಯಸಿದವನು ನೀರಿನಲ್ಲಿ, ಇಲ್ಲವೇ ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲಬೇಕಾಗಿತ್ತು.

ಥೇಮ್ಸ್ ನದಿಯು ಲಂಡನ್ನಿನಲ್ಲಿ ಸಮುದ್ರದ ಉಬ್ಬರವಿಳಿತಗಳಿಗೆ ಒಳಪಟ್ಟಿದೆ. ದಿನಕ್ಕೆ ಎರಡು ಬಾರಿ ನೀರು ಸುಮಾರು ಇಪ್ಪತ್ತು ಅಡಿಗಳಷ್ಟು ಏರುತ್ತದೆ, ಇಳಿಯುತ್ತದೆ. ಹಿಂದೆ ಇಳಿತದ ಹೊತ್ತಿನಲ್ಲಿ ನದಿಯ ಇಕ್ಕೆಲಗಳಲ್ಲಿಯೂ ವಿಶಾಲವಾದ ಕೆಸರಿನ ಹಾಸು ತೆರೆದುಕೊಳ್ಳುತ್ತಿತ್ತು. ಕಲ್ಲಿದ್ದಲು ಇಳಿಸುವ ಕಟ್ಟೆಗಳು, ಮುರುಕು ಮೆಟ್ಟಿಲುಗಳು, ದೋಣಿಗಳ ಗುಂಪು—ಇವೇ ಅಂದಿನ ದಡದ ನೋಟ. ಆ ಕೆಸರಿನಲ್ಲಿಯೂ ಬದುಕು ಹುಡುಕುವವರಿದ್ದರು. ಬಡವರ ಮಕ್ಕಳು ಬರಿಗಾಲಿನಲ್ಲಿ ಇಳಿದು, ದೋಣಿಗಳಿಂದ ಬಿದ್ದ ಕಲ್ಲಿದ್ದಲಿನ ಚೂರು, ತಾಮ್ರದ ಮೊಳೆ, ಹಗ್ಗದ ತುಂಡುಗಳನ್ನು ಆಯ್ದು ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಲಂಡನ್ನಿನ ದುಡಿಮೆಗಾರರ ಜೀವನವನ್ನು ಕಣ್ಣಾರೆ ಕಂಡು ಬರೆದ ಹೆನ್ರಿ ಮೇಹ್ಯೂ ಎಂಬ ಲೇಖಕ ಈ ಮಕ್ಕಳ ವಿಷಯವನ್ನು ದಾಖಲಿಸಿದ್ದಾನೆ.

ನದಿ ಹೊಲಸಾದುದಕ್ಕೆ ನಗರದ ಬೆಳವಣಿಗೆಯೇ ಮುಖ್ಯ ಕಾರಣ. 1801ರಲ್ಲಿ ಸುಮಾರು ಹತ್ತು ಲಕ್ಷವಿದ್ದ ಲಂಡನ್ನಿನ ಜನಸಂಖ್ಯೆ 1861ರ ವೇಳೆಗೆ ಇಪ್ಪತ್ತೆಂಟು ಲಕ್ಷವನ್ನು ಮುಟ್ಟಿತು. ಮೊದಲು ಮನೆಗಳ ಮಲವು ಗುಂಡಿಗಳಲ್ಲಿ ಶೇಖರವಾಗಿ, ಗೊಬ್ಬರವಾಗಿ ಹೊಲಗಳಿಗೆ ಹೋಗುತ್ತಿತ್ತು. ನೀರು ಹಾಯಿಸಿ ತೊಳೆಯುವ ಶೌಚಗೃಹಗಳು ಬಳಕೆಗೆ ಬಂದ ಮೇಲೆ ಮನೆ ಸ್ವಚ್ಛವಾಯಿತು. ಆದರೆ ಆ ಹೊಲಸೆಲ್ಲ ಮಳೆನೀರಿನ ಚರಂಡಿಗಳ ಮೂಲಕ ನೇರವಾಗಿ ನದಿಗೆ ಸೇರತೊಡಗಿತು. ಉಬ್ಬರವು ಅದನ್ನು ಸಮುದ್ರಕ್ಕೆ ಹೋಗಗೊಡದೆ ಮತ್ತೆ ಮತ್ತೆ ನಗರದೊಳಕ್ಕೇ ತಳ್ಳುತ್ತಿತ್ತು. ಹಲವು ಕಂಪನಿಗಳು ಕುಡಿಯುವ ನೀರನ್ನು ತೆಗೆಯುತ್ತಿದ್ದುದೂ ಇದೇ ನದಿಯಿಂದ. ಇದರ ಫಲವನ್ನು ಜನರು ಉಣ್ಣಬೇಕಾಯಿತು. 1848-49ರ ಕಾಲರಾ ಲಂಡನ್ನಿನಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1853-54ರಲ್ಲಿ ಮತ್ತೆ ಹತ್ತು ಸಾವಿರಕ್ಕೂ ಹೆಚ್ಚು ಜನರು ಸತ್ತರು. ಕಾಲರಾ ನೀರಿನ ಮೂಲಕ ಹರಡುತ್ತದೆ ಎಂದು ಜಾನ್ ಸ್ನೋ ಎಂಬ ವೈದ್ಯ ಆಧಾರಸಹಿತವಾಗಿ ಹೇಳಿದನು. ಆದರೆ ರೋಗಕ್ಕೆ ದುರ್ವಾಸನೆಯೇ ಕಾರಣವೆಂಬ ನಂಬಿಕೆ ಬಲವಾಗಿದ್ದುದರಿಂದ ಅವನ ಮಾತಿಗೆ ಆಗ ತಕ್ಕ ಮನ್ನಣೆ ದೊರೆಯಲಿಲ್ಲ.

1858ರ ಬೇಸಗೆ ಅತಿ ಕಡುವಾಗಿತ್ತು. ಬಿಸಿಲಿಗೆ ನದಿಯ ಕೊಳಚೆ ಕುದಿದಂತಾಗಿ ನಗರವೆಲ್ಲ ನಾರತೊಡಗಿತು. ಪಾರ್ಲಿಮೆಂಟ್ ಭವನ ನದಿಯ ಅಂಚಿನಲ್ಲಿಯೇ ಇದೆಯಷ್ಟೆ! ಸುಣ್ಣದ ಕ್ಲೋರೈಡಿನಲ್ಲಿ ಅದ್ದಿದ ಪರದೆಗಳನ್ನು ಕಿಟಕಿಗಳಿಗೆ ತೂಗುಹಾಕಿದರೂ ಸದಸ್ಯರು ಕುಳಿತು ಕೆಲಸ ಮಾಡಲು ಆಗಲಿಲ್ಲ. ಬಡವರ ಕೇರಿಗಳಲ್ಲಿ ಸಾವಿರಾರು ಜನರು ಸತ್ತಾಗ ವರ್ಷಾನುಗಟ್ಟಲೆ ಚರ್ಚೆಯಲ್ಲಿಯೇ ಇದ್ದ ಸಮಸ್ಯೆ, ಶಾಸನ ಮಾಡುವವರ ಮೂಗಿಗೆ ತಟ್ಟಿದಾಗ ಕೆಲವೇ ವಾರಗಳಲ್ಲಿ ಇತ್ಯರ್ಥವಾಯಿತು. ಆಗಸ್ಟ್ ತಿಂಗಳ ಆರಂಭದಲ್ಲಿಯೇ ಕಾಯಿದೆ ಜಾರಿಗೆ ಬಂದಿತು. ನದಿಯನ್ನು ಶುದ್ಧಗೊಳಿಸುವ ಹೊಣೆ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ಎಂಬ ಸಂಸ್ಥೆಯದಾಯಿತು. ಅದರ ಮುಖ್ಯ ಎಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್.

ಬ್ಯಾಜಲ್ಜೆಟ್‌ನ ಯೋಜನೆಯ ತತ್ತ್ವ ಸರಳವಾದುದು. ಹಳೆಯ ಚರಂಡಿಗಳು ನದಿಯತ್ತ ಇಳಿಯುತ್ತಿದ್ದವು. ಅವು ನದಿಯನ್ನು ಮುಟ್ಟುವ ಮೊದಲೇ ಅಡ್ಡಲಾಗಿ ದೊಡ್ಡ ಕಾಲುವೆಗಳನ್ನು ಕಟ್ಟಿ, ಕೊಳಚೆಯನ್ನು ಅವುಗಳಲ್ಲಿ ಹಿಡಿದು, ನದಿಗೆ ಸಮಾನಾಂತರವಾಗಿ ಪೂರ್ವಕ್ಕೆ ಸಾಗಿಸಿ, ನಗರದಿಂದ ಬಹುದೂರದಲ್ಲಿ, ಇಳಿತದ ಹೊತ್ತಿನಲ್ಲಿ ಬಿಡುವುದು. ಇಂತಹ ಪ್ರಧಾನ ಕಾಲುವೆಗಳ ಒಟ್ಟು ಉದ್ದ 82 ಮೈಲಿ. ಒಂದು ಮೈಲಿಗೆ ಸುಮಾರು ಎರಡು ಅಡಿಯಂತೆ ಇಳಿಜಾರು ಕೊಟ್ಟು ಅವನ್ನು ಇಟ್ಟಿಗೆಯಿಂದ ಕಟ್ಟಬೇಕಾಗಿತ್ತು. ಇಳಿಜಾರು ಸಾಲದೆ ಕಾಲುವೆ ತಗ್ಗಿಗೆ ಬಂದ ಕಡೆ ಕೊಳಚೆಯನ್ನು ಮೇಲೆತ್ತಲು ಉಗಿಯಂತ್ರಗಳ ಪಂಪುಮನೆಗಳು ಬೇಕಾಗಿದ್ದವು.

ಇಲ್ಲಿಯೇ ಒಂದು ತೊಡಕು ಎದುರಾಯಿತು. ಉತ್ತರ ಭಾಗದ ತಗ್ಗಿನ ಕಾಲುವೆ ನದಿಯ ಅಂಚಿನಲ್ಲಿಯೇ ಹೋಗಬೇಕಾಗಿತ್ತು. ಅದಕ್ಕೆ ಸ್ಟ್ರ್ಯಾಂಡ್, ಫ್ಲೀಟ್ ಸ್ಟ್ರೀಟ್ ಎಂಬ ಬೀದಿಗಳನ್ನು ಅಗೆಯಬೇಕು. ಅವೋ ಲಂಡನ್ನಿನ ಅತ್ಯಂತ ಜನನಿಬಿಡವಾದ ವ್ಯಾಪಾರದ ಬೀದಿಗಳು. ನೆಲದ ಮೇಲೆ ಎಡೆಯಿಲ್ಲದಿದ್ದರೆ ನದಿಯಲ್ಲಿಯೇ ಹೊಸ ನೆಲವನ್ನು ಸೃಷ್ಟಿಸಿದರಾಗದೆ? ಕೆಸರಿನ ಹಾಸಿನ ಹೊರ ಅಂಚಿನಲ್ಲಿ ಗೋಡೆ ಕಟ್ಟಿ, ಹಿಂಬದಿಯನ್ನು ತುಂಬಿದರೆ ಕಾಲುವೆಗೆ ಸ್ಥಳವಾಗುತ್ತದೆ, ಅದರ ಮೇಲೆ ರಸ್ತೆಯೂ ಆಗುತ್ತದೆ. ದಂಡೆ ಕಟ್ಟುವ ಆಲೋಚನೆ ಹೊಸದೇನಲ್ಲ. 1666ರ ಮಹಾ ಅಗ್ನಿದುರಂತದ ಅನಂತರ ಕ್ರಿಸ್ಟೊಫರ್ ರೆನ್ ನದಿಯಂಚಿಗೆ ಕಟ್ಟೆಯೊಂದನ್ನು ಸೂಚಿಸಿದ್ದನು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಾನ್ ಮಾರ್ಟಿನ್ ಎಂಬ ಚಿತ್ರಕಾರನೂ ನಕ್ಷೆಗಳನ್ನು ಮಾಡಿದ್ದನು. ಆದರೆ ಸರಕಿನ ಕಟ್ಟೆಗಳ ಒಡೆಯರೂ ನದಿಯಂಚಿನ ಶ್ರೀಮಂತರೂ ಇಂತಹ ಸಲಹೆಗಳಿಗೆ ಅಡ್ಡಿಯಾಗುತ್ತಲೇ ಬಂದರು. ಕೊನೆಗೆ 1862ರಲ್ಲಿ ದಂಡೆಯ ಕಾಯಿದೆ ಅಂಗೀಕಾರವಾಯಿತು. ಲಂಡನ್ನಿಗೆ ಬರುವ ಕಲ್ಲಿದ್ದಲು ಮತ್ತು ದ್ರಾಕ್ಷಾರಸಗಳ ಮೇಲಿನ ಸುಂಕದಿಂದ ಹಣ ಒದಗಿತು.

ಮನೆ ಕಟ್ಟಿ ನೋಡು ಎನ್ನುತ್ತದೆ ಗಾದೆ. ಹರಿಯುವ ನದಿಯೊಳಗೆ ಗೋಡೆ ಕಟ್ಟುವುದು ಅದಕ್ಕಿಂತ ಎಷ್ಟೋ ಕಷ್ಟವಾದ ಕೆಲಸ. 1864ರಲ್ಲಿ ಕೆಲಸ ಮೊದಲಾಯಿತು. ಗೋಡೆ ಏಳಬೇಕಾದ ಸ್ಥಳದ ಸುತ್ತಲೂ ಮೊದಲು ನೀರನ್ನು ತಡೆಯಬೇಕು. ಅದಕ್ಕಾಗಿ ಮರದ ದಿಮ್ಮಿಗಳನ್ನು ಎರಡು ಸಾಲಾಗಿ ನದಿಯ ತಳಕ್ಕೆ ಬಡಿದು ಇಳಿಸಿ, ಸಾಲುಗಳ ನಡುವೆ ಜೇಡಿಮಣ್ಣನ್ನು ಗಿಡಿದು ತಾತ್ಕಾಲಿಕವಾದ ಒಡ್ಡುಗಳನ್ನು ಕಟ್ಟಿದರು. ಕೆಲವು ಕಡೆ ಕಬ್ಬಿಣದ ದೊಡ್ಡ ಕೋಶಗಳನ್ನು ಇಳಿಸಿದರು. ಒಡ್ಡಿನ ಒಳಗಿನ ನೀರನ್ನು ಉಗಿಯಂತ್ರಗಳು ಎತ್ತಿ ಹೊರಚೆಲ್ಲಿದವು. ಹೀಗೆ ಒಣಗಿದ ನದಿಯ ತಳದಲ್ಲಿ, ಒಡ್ಡಿನ ಆಚೆ ಉಬ್ಬರದ ನೀರು ತಲೆಗಿಂತ ಎತ್ತರದಲ್ಲಿ ತೂಗುತ್ತಿರುವಾಗ, ಕೂಲಿಯವರು ಗುದ್ದಲಿ ಹಿಡಿದು ತಳಹದಿ ತೋಡಿದರು. ಕಾಂಕ್ರೀಟಿನ ಬುನಾದಿ, ಅದರ ಮೇಲೆ ಇಟ್ಟಿಗೆಯ ಗೋಡೆ, ನದಿಯ ಕಡೆಯ ಮುಖಕ್ಕೆ ಕಗ್ಗಲ್ಲಿನ ಹೊದಿಕೆ—ಈ ಕ್ರಮದಲ್ಲಿ ದಂಡೆ ಏಳತೊಡಗಿತು. ಗೋಡೆಯ ಹಿಂಬದಿಯ ಹಳ್ಳವನ್ನು ಮಣ್ಣು ಮರಳುಗಳಿಂದ ತುಂಬಿದರು.

ಈ ದಂಡೆಯನ್ನು ಅಡ್ಡಲಾಗಿ ಕೊಯ್ದು ನೋಡಬಹುದಾಗಿದ್ದರೆ ಅದರ ಒಳಗಿನ ವ್ಯವಸ್ಥೆ ಸ್ಪಷ್ಟವಾಗುತ್ತಿತ್ತು. ಗೋಡೆಗೆ ಒತ್ತಿಕೊಂಡಂತೆ ತಳದಲ್ಲಿ ಸುಮಾರು ಎಂಟು ಅಡಿ ವ್ಯಾಸದ ಕೊಳಚೆಯ ಕಾಲುವೆ. ಅದರ ಮೇಲೆ ಅನಿಲ ಮತ್ತು ನೀರಿನ ಕೊಳವೆಗಳಿಗಾಗಿ ಮನುಷ್ಯರು ನಡೆದಾಡಬಹುದಾದ ಸುರಂಗ. ಒಳಬದಿಗೆ ನೆಲದೊಳಗಿನ ರೈಲುದಾರಿ. ಇವೆಲ್ಲದರ ಮೇಲೆ ನೂರು ಅಡಿ ಅಗಲದ ರಸ್ತೆ. ಅದರಲ್ಲಿ 64 ಅಡಿ ಗಾಡಿಗಳಿಗೆ, ನದಿಯ ಬದಿಯ 20 ಅಡಿ ಹಾಗೂ ಒಳಬದಿಯ 16 ಅಡಿ ಕಾಲ್ನಡೆಯವರಿಗೆ. ಕೊಳವೆ ದುರಸ್ತಿಗೆಂದು ರಸ್ತೆಯನ್ನು ಪದೇ ಪದೇ ಅಗೆಯಬಾರದೆಂಬ ಮುಂದಾಲೋಚನೆ ಆ ಸುರಂಗದಲ್ಲಿ ಅಡಗಿದೆ.

ಕಾಮಗಾರಿ ನಡೆಯುತ್ತಿದ್ದಾಗಲೇ, 1866ರಲ್ಲಿ, ಕಾಲರಾ ಮತ್ತೊಮ್ಮೆ ಲಂಡನ್ನಿಗೆ ಬಂದಿತು. ಈ ಬಾರಿ ಅದರ ಹಾವಳಿ ಬಹುಮಟ್ಟಿಗೆ ನಗರದ ಪೂರ್ವ ಭಾಗಕ್ಕೆ ಸೀಮಿತವಾಗಿತ್ತು. ಅಲ್ಲಿ ಸುಮಾರು ಐದೂವರೆ ಸಾವಿರ ಜನರು ಸತ್ತರು. ಹೊಸ ಒಳಚರಂಡಿಯ ಕೆಲಸ ಪೂರ್ತಿಯಾಗದೆ ಉಳಿದಿದ್ದುದು ಆ ಭಾಗದಲ್ಲಿಯೇ. ಅಲ್ಲಿನ ಜನರಿಗೆ ಒದಗಿಸಿದ ನೀರು ಮಲಿನವಾಗಿತ್ತೆಂಬುದೂ ವಿಚಾರಣೆಯಿಂದ ತಿಳಿದುಬಂದಿತು. ಎಂಟು ವರ್ಷಗಳ ಹಿಂದೆ ತೀರಿಕೊಂಡಿದ್ದ ಜಾನ್ ಸ್ನೋನ ಮಾತು ಹೀಗೆ ದೃಢಪಟ್ಟಿತು. ಕಾಲುವೆಗಳನ್ನು ಕಟ್ಟಿದವರು ದುರ್ವಾಸನೆಯನ್ನು ನೀಗಲು ಹೊರಟಿದ್ದರು; ಅವರು ನಿಜವಾಗಿ ನೀಗಿದುದು ಕುಡಿಯುವ ನೀರಿಗೆ ಮಲ ಬೆರೆಯುವುದನ್ನು. ಲಂಡನ್ನಿಗೆ ಕಾಲರಾ ದೊಡ್ಡ ಪಿಡುಗಾಗಿ ಮತ್ತೆ ಬರಲಿಲ್ಲ.

ದಂಡೆಯ ಕೆಲಸ ನಿರೀಕ್ಷಿಸಿದ ವೇಗದಲ್ಲಿ ಸಾಗಲಿಲ್ಲ. ರೈಲ್ವೆ ಕಂಪನಿಗೆ ಹಣದ ಅಡಚಣೆಯುಂಟಾಯಿತು. ಒಳಗಿನ ರೈಲುದಾರಿ ಮುಗಿಯದೆ ಮೇಲಿನ ರಸ್ತೆ ಮುಗಿಯುವಂತಿರಲಿಲ್ಲ. 1868ರ ಜುಲೈ ತಿಂಗಳಲ್ಲಿ ನದಿಯ ಬದಿಯ ಕಾಲುದಾರಿಯ ಒಂದು ಭಾಗವನ್ನು ಮಾತ್ರ ಜನರಿಗೆ ತೆರೆದರು. ಒಂದು ಬದಿಗೆ ಮುಗಿದ ಗೋಡೆ, ಇನ್ನೊಂದು ಬದಿಗೆ ಮುಗಿಯದ ಕಂದಕ—ಇವುಗಳ ನಡುವೆ ಜನರು ಮೊದಲ ಬಾರಿಗೆ ನದಿಯನ್ನು ನೋಡುತ್ತ ನಡೆದರು. 1870ರ ಮೇ ತಿಂಗಳ ಕೊನೆಯಲ್ಲಿ ರೈಲು ಬ್ಲ್ಯಾಕ್‌ಫ್ರಯರ್ಸ್‌ವರೆಗೆ ಓಡಿತು. ಅದೇ ವರ್ಷ ಜುಲೈ 13ರಂದು ಯುವರಾಜನು ದಂಡೆಯನ್ನು ವಿಧ್ಯುಕ್ತವಾಗಿ ತೆರೆದನು.

ನದಿಯಿಂದ ಪಡೆದ ಹೊಸ ನೆಲ ಸುಮಾರು 37 ಎಕರೆ. ಇಷ್ಟು ಬೆಲೆಬಾಳುವ ನೆಲ ಯಾರದಾಗಬೇಕು ಎಂಬ ಪ್ರಶ್ನೆ ಕೂಡಲೇ ಎದ್ದಿತು. ಅದರ ಒಂದು ಭಾಗದಲ್ಲಿ ಕಚೇರಿಗಳನ್ನು ಕಟ್ಟಲು ಸರಕಾರ ಬಯಸಿತು. ತಮ್ಮ ತೆರಿಗೆಯಿಂದ ಆದ ನೆಲ ತಮ್ಮ ವಿಹಾರಕ್ಕೆ ಬೇಕೆಂದು ನಾಗರಿಕರು ಹಟ ಹಿಡಿದರು. ವೆಸ್ಟ್‌ಮಿನ್‌ಸ್ಟರಿನ ಪಾರ್ಲಿಮೆಂಟ್ ಸದಸ್ಯ ಡಬ್ಲ್ಯು. ಎಚ್. ಸ್ಮಿತ್ ಅವರ ಪರವಾಗಿ ವಾದಿಸಿದನು. ಇಂದು ಅಲ್ಲಿರುವ ಉದ್ಯಾನಗಳು ಆ ಹಟದ ಫಲ. ಆ ಉದ್ಯಾನವೊಂದರಲ್ಲಿ 1626ರ ಸುಮಾರಿಗೆ ಕಟ್ಟಿದ ಕಲ್ಲಿನ ದ್ವಾರವೊಂದು ಒಂಟಿಯಾಗಿ ನಿಂತಿದೆ. ಒಂದು ಕಾಲಕ್ಕೆ ಅದರ ಮೆಟ್ಟಿಲಿನಿಂದಲೇ ಸಿರಿವಂತರು ದೋಣಿ ಹತ್ತುತ್ತಿದ್ದರು. ಈಗ ನದಿ ಅದರಿಂದ ಸುಮಾರು 150 ಗಜ ದೂರದಲ್ಲಿದೆ. ಹಳೆಯ ದಡ ಎಲ್ಲಿತ್ತೆಂಬುದಕ್ಕೆ ಆ ದ್ವಾರವೇ ಸಾಕ್ಷಿ.

ಇಷ್ಟರಿಂದ ಕಥೆ ಸುಖಾಂತವಾಯಿತೆಂದು ತಿಳಿಯಬಾರದು. ದಂಡೆ ಎದ್ದಲ್ಲಿ ಕೆಸರು ಮರೆಯಾಯಿತು. ಕೆಸರಿನೊಡನೆ ಅಲ್ಲಿ ಆಯ್ದು ತಿನ್ನುವವರ ಬದುಕಿನ ನೆಲೆಯೂ ಮರೆಯಾಯಿತು. ನಗರವು ತನ್ನ ಹೊಲಸನ್ನು ಕಣ್ಣಿಗೆ ಕಾಣದಂತೆ ಸಾಗಿಸಿತೇ ಹೊರತು ಶುದ್ಧಿ ಮಾಡಲಿಲ್ಲ. ಅದು ಪೂರ್ವದಲ್ಲಿ ಕೆಳಹೊಳೆಯವರ ಪಾಲಾಯಿತು. 1878ರ ಸೆಪ್ಟೆಂಬರ್ 3ರಂದು ‘ಪ್ರಿನ್ಸೆಸ್ ಆಲಿಸ್’ ಎಂಬ ಪ್ರಯಾಣಿಕರ ಹಡಗು ಕೊಳಚೆ ಬಿಡುವ ಸ್ಥಳದ ಹತ್ತಿರವೇ ಮತ್ತೊಂದು ಹಡಗಿಗೆ ತಾಗಿ ಮುಳುಗಿತು. ಆರುನೂರಕ್ಕೂ ಹೆಚ್ಚು ಜನರು ಆ ಕೊಳಚೆಯ ನೀರಿನಲ್ಲಿ ಪ್ರಾಣ ಬಿಟ್ಟರು. ಆಮೇಲೆ ಆಡಳಿತದವರ ಕಣ್ಣು ತೆರೆಯಿತು. 1887ರಿಂದ ಕೊಳಚೆಯ ಗಸಿಯನ್ನು ಬೇರ್ಪಡಿಸಿ ಹಡಗುಗಳಲ್ಲಿ ಸಮುದ್ರಕ್ಕೆ ಒಯ್ದು ಸುರಿಯಲಾರಂಭಿಸಿದರು. ಅದೂ ಸರಿಯಾದ ಪರಿಹಾರವಲ್ಲವೆಂದು ಮನಗಂಡು ಆ ಪದ್ಧತಿಯನ್ನು ನಿಲ್ಲಿಸಿದುದು 1998ರಲ್ಲಿ.

ಬ್ಯಾಜಲ್ಜೆಟ್ 1891ರಲ್ಲಿ ಮರಣಹೊಂದಿದನು. 1901ರಲ್ಲಿ ಅವನ ಸ್ಮಾರಕವನ್ನು ದಂಡೆಯ ಗೋಡೆಯಲ್ಲಿಯೇ ಇರಿಸಿದರು. ನದಿಗೆ ಸಂಕೋಲೆ ತೊಡಿಸಿದವನು ಎಂಬ ಅರ್ಥದ ಲ್ಯಾಟಿನ್ ವಾಕ್ಯ ಅದರ ಮೇಲಿದೆ. ಒಡ್ಡಿನೊಳಗೆ ಇಳಿದು ಕೆಸರು ತೋಡಿದ ಕೂಲಿಕಾರರ ಹೆಸರುಗಳು ಅಲ್ಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಎಲ್ಲ ದೇಶಗಳಿಗೂ ಸಲ್ಲುವಂತಹುದು.

ಮಳೆನೀರು, ಕೊಳಚೆ ಎರಡೂ ಒಂದೇ ಕಾಲುವೆಯಲ್ಲಿ ಹರಿಯುವ ವ್ಯವಸ್ಥೆ ಅದು. ಹೆಚ್ಚು ಮಳೆಯಾದರೆ ಮನೆಗಳಿಗೆ ಕೊಳಚೆ ನುಗ್ಗದಿರಲೆಂದು ಹೆಚ್ಚಿನ ನೀರು ನದಿಗೆ ಬೀಳುವಂತೆ ಬಾಯಿಗಳನ್ನು ಇಡಲಾಗಿತ್ತು. ನಗರ ಬೆಳೆದಂತೆ, ಅಪರೂಪಕ್ಕೆ ತೆರೆಯಬೇಕಾದ ಆ ಬಾಯಿಗಳು ಸಣ್ಣ ಮಳೆಗೂ ತೆರೆಯತೊಡಗಿದವು. ಆದುದರಿಂದ 2016ರಿಂದ ಥೇಮ್ಸ್ ನದಿಯ ಅಡಿಯಲ್ಲಿ 25 ಕಿಲೋಮೀಟರ್ ಉದ್ದದ ಹೊಸ ಸುರಂಗವನ್ನು ತೋಡಿ, 2025ರ ವೇಳೆಗೆ ಅದಕ್ಕೆ ಅತಿ ಹೆಚ್ಚು ಹೊಲಸು ಸುರಿಸುತ್ತಿದ್ದ ಬಾಯಿಗಳನ್ನು ಜೋಡಿಸಿದರು. ಆ ಕೆಲಸಕ್ಕಾಗಿ ನದಿಯಲ್ಲಿ ಹೊಸ ದಂಡೆಗಳೂ ಎದ್ದವು. ಬ್ಲ್ಯಾಕ್‌ಫ್ರಯರ್ಸ್ ಬಳಿಯ ದಂಡೆಗೆ ಬ್ಯಾಜಲ್ಜೆಟ್‌ನ ಹೆಸರನ್ನೇ ಇಟ್ಟಿದ್ದಾರೆ.

ನದಿಯ ದಡದಲ್ಲಿ ವಿಹಾರದ ದಾರಿಯೊಂದು ಸಿದ್ಧವಾಗುತ್ತಿರುವುದನ್ನು ನೋಡುವುದು ಯಾವ ಊರಿನವರಿಗೂ ಸಂತೋಷದ ವಿಷಯ. ಕಲ್ಲು ಎಷ್ಟು ಚೆಂದ, ದೀಪ ಎಷ್ಟು ಬೆಳಕು ಎಂದು ಕೇಳುವುದೂ ಸಹಜವೇ. ಆದರೆ ಕೇಳಲೇಬೇಕಾದ ಇನ್ನೆರಡು ಪ್ರಶ್ನೆಗಳಿವೆ. ಆ ದಾರಿಯ ಅಡಿಯಲ್ಲಿ ಹರಿಯುವ ಕೊಳಚೆ ಎಲ್ಲಿಗೆ ಹೋಗುತ್ತದೆ? ಆ ದಡದಲ್ಲಿ ಮೊದಲು ಬದುಕುತ್ತಿದ್ದವರು ಎಲ್ಲಿಗೆ ಹೋದರು? ಲಂಡನ್ ನಗರ ಮೊದಲನೆಯ ಪ್ರಶ್ನೆಗೆ ತಕ್ಕ ಉತ್ತರ ಹುಡುಕಲು ನೂರೈವತ್ತು ವರ್ಷಗಳನ್ನು ತೆಗೆದುಕೊಂಡಿತು. ಎರಡನೆಯದನ್ನು ಅದು ಕೇಳಿಕೊಂಡುದೇ ಕಡಮೆ.